ಮೂರು ದಿನ, ಒಂದು ಊರು, ನೂರು ಶಾಟ್! ಸಿನಿಮಾ ಹುಚ್ಚರಿಗೆ ರೀಗಾ ದಾರಿ

ಷರ್ಲಾಕ್ ಹೋಮ್ಸ್‌ನ ಬೇಕರ್ ಸ್ಟ್ರೀಟ್ ಎಲ್ಲಿದೆ? 'ಲಂಡನ್ನಿನಲ್ಲಿ, ಇನ್ನೆಲ್ಲಿ?' ಅಂತೀರಾ? ಅದು ಅರ್ಧ ಉತ್ತರ ಸ್ವಾಮಿ! ಇನ್ನರ್ಧ ಇರೋದು ಬಾಲ್ಟಿಕ್ ಸಮುದ್ರದ ಮಗ್ಗುಲಲ್ಲಿ, ಲಾಟ್ವಿಯಾ ದೇಶದ ರಾಜಧಾನಿ ರೀಗಾದಲ್ಲಿ. 1979ರಿಂದ ನಿರ್ದೇಶಕ ಇಗೋರ್ ಮಾಸ್ಲೆನ್ನಿಕೊವ್ ಸೋವಿಯತ್ ಟೆಲಿವಿಷನ್ನಿಗೆ ಹೋಮ್ಸ್ ಕಥೆಗಳನ್ನು ಚಿತ್ರಿಸಿದಾಗ ಲಂಡನ್ನಿಗೆ ಹೋಗಲಿಲ್ಲ. ರೀಗಾದ ಯೌನಿಯೆಲಾ ಎಂಬ ಬೀದಿಯನ್ನೇ ಬೇಕರ್ ಸ್ಟ್ರೀಟ್ ಮಾಡಿಬಿಟ್ಟರು! ಹೋಮ್ಸ್ ಆಗಿ ನಟಿಸಿದ ವಸಿಲಿ ಲಿವಾನೊವ್‌ಗೆ 2006ರಲ್ಲಿ ಬ್ರಿಟನ್ನೇ ಎಂ.ಬಿ.ಇ. ಗೌರವ ಕೊಟ್ಟಿತು. ಬೀದಿ ಡೂಪ್ಲಿಕೇಟ್, ಗೌರವ ಒರಿಜಿನಲ್!

ಇಂಥ ಊರಿಗೆ ಮೂರು ದಿನಕ್ಕೆ ಹೋಗಿಬರೋದು ಹೇಗೆ? ದುಬೈಯಲ್ಲಿ ದುಡಿಯುವವರು, ಜರ್ಮನಿಯಲ್ಲಿ ಓದುವವರು, ಇಲ್ಲೇ ಕೂತು ಕನಸು ಕಾಣುವವರು... ಎಲ್ಲರೂ ಓದಿಕೊಳ್ಳಿ.

ಮೊದಲು ಕಾಗದ-ಪತ್ರ, ಆಮೇಲೆ ಕನಸು!

ಲಾಟ್ವಿಯಾ 2004ರಲ್ಲಿ ಯುರೋಪಿಯನ್ ಒಕ್ಕೂಟ ಸೇರಿತು, 2007ರ ಡಿಸೆಂಬರಿನಲ್ಲಿ ಷೆಂಗೆನ್ ಬಳಗ ಸೇರಿತು, 2014ರಿಂದ ಅಲ್ಲಿ ನಡೆಯೋದು ಯೂರೋ ಹಣ. ನಮ್ಮ ಪಾಸ್‌ಪೋರ್ಟಿಗೆ ಷೆಂಗೆನ್ ವೀಸಾ ಬೇಕೇ ಬೇಕು. 2024ರ ಜೂನ್‌ನಿಂದ ದೊಡ್ಡವರಿಗೆ ಫೀಸು 90 ಯೂರೋ. ಜೊತೆಗೆ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ. ಹೊರಡುವ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು, ತೀರಾ ತಡ ಅಂದರೂ ಹದಿನೈದು ದಿನ ಮುಂಚೆ ಹಾಕಲೇಬೇಕು. ಅರ್ಜಿ ತಿರಸ್ಕಾರವಾದರೆ ಫೀಸು ವಾಪಸ್ ಬರೋದಿಲ್ಲ, ನೆನಪಿರಲಿ! ನಮ್ಮಿಂದ ನೇರ ವಿಮಾನವಿಲ್ಲ, ದಾರಿಯಲ್ಲಿ ಇಳಿದು ಹತ್ತಬೇಕು. ರೀಗಾ ವಿಮಾನ ನಿಲ್ದಾಣದಿಂದ ಊರಿಗೆ ಸುಮಾರು ಹತ್ತು ಕಿಲೋಮೀಟರು. 22ನೇ ನಂಬರ್ ಸಿಟಿ ಬಸ್ ಹತ್ತಿ, ಟ್ಯಾಕ್ಸಿ ದುಡ್ಡು ಜೇಬಿನಲ್ಲೇ ಉಳಿಯುತ್ತೆ.

ಯಾವಾಗ ಹೋಗೋದು? ಡಿಸೆಂಬರಿನಲ್ಲಿ ಹಗಲು ಏಳು ಗಂಟೆಯೂ ಇರೋದಿಲ್ಲ, ಜೂನ್‌ನಲ್ಲಿ ಹದಿನೆಂಟು ಗಂಟೆಯ ಹತ್ತಿರ! ಮೂರೇ ದಿನ ಇರುವವನಿಗೆ ಬೆಳಕೇ ಬಂಡವಾಳ. ಆದರೆ ಜೂನ್ 23, 24 ಅವರ ದೊಡ್ಡ ಹಬ್ಬ. ಅರ್ಧ ಊರು ಹಳ್ಳಿ ಕಡೆ ಹೋಗಿರುತ್ತೆ, ಅಂಗಡಿಗಳಿಗೆ ಬೀಗ. ಆ ಎರಡು ದಿನ ಬಿಟ್ಟು ಟಿಕೆಟ್ ತೆಗೆಸಿ.

ಮೊದಲ ದಿನ: ಹಳೇ ಪೇಟೆ

ರೀಗಾ ಹುಟ್ಟಿದ್ದು 1201ರಲ್ಲಿ. ಊರಿನ ಹಳೇ ಭಾಗವನ್ನು ಯುನೆಸ್ಕೊ 1997ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು. ನಡೆದೇ ಸುತ್ತಬಹುದು, ಬೂಟು ಮಾತ್ರ ಗಟ್ಟಿ ಇರಲಿ, ಎಲ್ಲಾ ಕಲ್ಲು ಹಾಸಿನ ಬೀದಿ. ಸೇಂಟ್ ಪೀಟರ್ ಚರ್ಚಿನ 123 ಮೀಟರ್ ಗೋಪುರದಲ್ಲಿ ಲಿಫ್ಟ್ ಏರಿ 72ನೇ ಮೀಟರಿಗೆ ಹೋಗಿ ನಿಂತರೆ, ಇಡೀ ಊರು ಒಂದೇ ಕ್ರೇನ್ ಶಾಟ್‌ನಲ್ಲಿ! ಕೆಳಗೆ ಕಾಣುವ 'ಬ್ಲ್ಯಾಕ್‌ಹೆಡ್ಸ್ ಹೌಸ್' ಎಂಬ ಚಂದದ ಕಟ್ಟಡ 1941ರ ಯುದ್ಧದಲ್ಲಿ ಸುಟ್ಟಿತ್ತು. 1948ರಲ್ಲಿ ಅವಶೇಷವನ್ನೂ ಕೆಡವಿದರು. ಈಗಿರೋದು 1999ರಲ್ಲಿ ಮತ್ತೆ ಕಟ್ಟಿ ಮುಗಿಸಿದ್ದು.

ಆಮೇಲೆ ನೇರ ಯೌನಿಯೆಲಾಗೆ ಬನ್ನಿ. ಹೋಮ್ಸ್‌ಗಿಂತ ಮುಂಚೆಯೇ, 1973ರ 'ವಸಂತದ ಹದಿನೇಳು ಕ್ಷಣಗಳು' ಸರಣಿಯಲ್ಲಿ ಇದೇ ಬೀದಿ ಸ್ವಿಟ್ಜರ್ಲೆಂಡಿನ ಬರ್ನ್ ನಗರವಾಗಿತ್ತು! ಅಪಾಯದ ಗುರುತಾಗಿ ಕಿಟಕಿಯಲ್ಲಿಟ್ಟ ಹೂವನ್ನು ಗಮನಿಸದ ಪ್ರೊಫೆಸರ್ ಪ್ಲೈಷ್ನರ್, ಕೊನೆಗೆ ಕಿಟಕಿಯಿಂದ ಹಾರಿ ಸಾಯುವ ದೃಶ್ಯ ತೆಗೆದದ್ದು ಇಲ್ಲೇ. ಒಂದೇ ಬೀದಿ, ಡಬಲ್ ಆಕ್ಟಿಂಗ್!

ಎರಡನೇ ದಿನ: ಅಪ್ಪನ ಕಲ್ಲು, ಮಗನ ಕ್ಯಾಮೆರಾ

ಫಿಲ್ಮ್ ಸೊಸೈಟಿಯಲ್ಲಿ 'ಬ್ಯಾಟಲ್‌ಷಿಪ್ ಪೊಟೆಮ್ಕಿನ್' (1925) ನೋಡಿದ್ದೀರಲ್ಲ? ಅದರ ನಿರ್ದೇಶಕ ಸೆರ್ಗೈ ಐಸೆನ್‌ಸ್ಟೈನ್ ಹುಟ್ಟಿದ್ದು 1898ರಲ್ಲಿ, ಇದೇ ರೀಗಾದಲ್ಲಿ. ಅಪ್ಪ ಮಿಖಾಯಿಲ್ ಹೆಸರಾಂತ ಎಂಜಿನಿಯರು. ಆಲ್ಬರ್ಟ್ ಬೀದಿಯ ಸಾಲು ಕಟ್ಟಡಗಳು ಆತನವು. ಗೋಡೆ ತುಂಬಾ ಕಿರುಚುವ ಮುಖಗಳು, ಸಿಂಹಗಳು, ಮುಖವಾಡಗಳು... ಕತ್ತೆತ್ತಿ ನೋಡಿ ನೋಡಿ ಕುತ್ತಿಗೆ ನೋಯಬೇಕು! ಮಗನಿಗೆ ಅಪ್ಪನ ಈ ಅಲಂಕಾರ ಸುತರಾಂ ಹಿಡಿಸಲಿಲ್ಲ. ಕ್ರಾಂತಿ ಬಂದಾಗ ಮಗ 1918ರಲ್ಲಿ ಕೆಂಪು ಸೇನೆ ಸೇರಿದ, ಅಪ್ಪ ಎದುರು ಪಕ್ಷ! ಅಪ್ಪ 1920ರಲ್ಲಿ ಬರ್ಲಿನ್ನಿನಲ್ಲಿ ಕಣ್ಣುಮುಚ್ಚಿದ. 'ಪೊಟೆಮ್ಕಿನ್' ಚಿತ್ರದಲ್ಲಿ ಮಲಗಿದ್ದ ಕಲ್ಲಿನ ಸಿಂಹ ಮೂರು ಶಾಟ್‌ನಲ್ಲಿ ಎದ್ದು ನಿಲ್ಲುತ್ತದಲ್ಲ, ಅದನ್ನು ನೆನೆಸಿಕೊಂಡು ಅಪ್ಪನ ಗೋಡೆಗಳನ್ನು ನೋಡಿ. ಬೇಡವೆಂದ ಕಲ್ಲೇ ಮಗನ ಕೈಲಿ ಎದ್ದು ಗರ್ಜಿಸಿತೇ? ನೀವೇ ಹೇಳಿ!

ಸಂಜೆ ಎಲಿಜಬೆತ್ ಬೀದಿಯ 'ಸ್ಪ್ಲೆಂಡಿಡ್ ಪ್ಯಾಲೆಸ್' ಚಿತ್ರಮಂದಿರ. ಕಟ್ಟಿದ್ದು 1923ರಲ್ಲಿ, ಅರಮನೆಯಂಥ ಒಳಾಂಗಣ, ಈಗಲೂ ಸಿನಿಮಾ ಓಡುತ್ತೆ! ಭಾಷೆ ಬಾರದಿದ್ದರೂ ಒಂದು ಟಿಕೆಟ್ ತಗೊಳ್ಳಿ.

ಈ ಕಲ್ಲುಗಳ ಮುಂದೆ ಟೋಪಿ ತೆಗೆಯಿರಿ

ಈ ಊರಿನಲ್ಲಿ ಸೆಲ್ಫಿಗಲ್ಲದೆ ನಿಲ್ಲಬೇಕಾದ ಜಾಗ ಒಂದಿದೆ. ಅದು ಬಸ್ತೆಯ್‌ಕಾಲ್ನ್ಸ್ ಉದ್ಯಾನ. 1986ರಲ್ಲಿ ಯೂರಿಸ್ ಪೊಡ್ನಿಯೆಕ್ಸ್ ಎಂಬಾತ 'ಯುವಕರಾಗಿರುವುದು ಸುಲಭವೇ?' ಎಂಬ ಸಾಕ್ಷ್ಯಚಿತ್ರ ಮಾಡಿದ. ರಾಕ್ ಸಂಗೀತ ಕೇಳಿ ಬಂದು ರೈಲು ಬೋಗಿ ಪುಡಿಮಾಡಿದ ಹುಡುಗರ ಕಥೆಯಿಂದ ಶುರುವಾಗುವ ಚಿತ್ರ. ಇಡೀ ಸೋವಿಯತ್ ದೇಶವೇ ಮುಗಿಬಿದ್ದು ನೋಡಿತು. 1991ರ ಜನವರಿಯಲ್ಲಿ ಸ್ವಾತಂತ್ರ್ಯ ಬೇಕೆಂದ ಜನ ರೀಗಾ ಬೀದಿಗಳಿಗೆ ಅಡ್ಡಗಟ್ಟೆ ಹಾಕಿ ಚಳಿಯಲ್ಲಿ ರಾತ್ರಿಯಿಡೀ ಕಾವಲು ಕೂತಿದ್ದರು. ಜನವರಿ 20ರ ರಾತ್ರಿ ಸೋವಿಯತ್ ವಿಶೇಷ ಪಡೆ ಗುಂಡು ಹಾರಿಸುತ್ತಾ ಗೃಹಖಾತೆ ಕಟ್ಟಡಕ್ಕೆ ನುಗ್ಗಿತು. ಪೊಡ್ನಿಯೆಕ್ಸ್ ತಂಡ ಕ್ಯಾಮೆರಾ ಹಿಡಿದು ಅಲ್ಲೇ ಇತ್ತು. ಕ್ಯಾಮೆರಾಮನ್ ಆಂದ್ರಿಸ್ ಸ್ಲಾಪಿನ್ಷ್ ಗುಂಡೇಟಿಗೆ ಬಲಿಯಾದ. ಜೊತೆಗಾರ ಗ್ವಿದೊ ಜ್ವೈಗ್ಜ್ನೆ ಗಾಯಗೊಂಡು ಫೆಬ್ರವರಿಯಲ್ಲಿ ತೀರಿಕೊಂಡ. ಇಬ್ಬರು ಪೊಲೀಸರು, ಒಬ್ಬ ವಿದ್ಯಾರ್ಥಿ ಸೇರಿ ಆ ದಾಳಿಗೆ ಒಟ್ಟು ಐದು ಜೀವ. ಬಿದ್ದವರ ನೆನಪಿಗೆ ಆ ಉದ್ಯಾನದಲ್ಲಿ ಕಲ್ಲುಗಳಿವೆ.

ಆ ವರ್ಷದ ಆಗಸ್ಟಿನಲ್ಲಿ ದೇಶ ಸ್ವತಂತ್ರವಾಯಿತು. ಪೊಡ್ನಿಯೆಕ್ಸ್ ಕೂಡ 1992ರಲ್ಲಿ ಸರೋವರವೊಂದರಲ್ಲಿ ಮುಳುಗಿ ತೀರಿಕೊಂಡ. ಆ ರಾತ್ರಿ ತೆಗೆದ ಚಿತ್ರ ಮಾತ್ರ ಉಳಿದಿದೆ. ನಾವು ಸಿಳ್ಳೆ ಹೊಡೆಯೋದು ಪರದೆ ಮೇಲಿನ ಹೀರೋಗೆ. ಪರದೆ ಹಿಂದೆಯೂ ಹೀರೋಗಳಿರ್ತಾರೆ ಗೆಳೆಯರೇ.

ಮೂರನೇ ದಿನ: ಮಾರ್ಕೆಟ್ಟು, ಬೆಕ್ಕು, ಸಮುದ್ರ

ರೈಲು ನಿಲ್ದಾಣದ ಪಕ್ಕ 1930ರಲ್ಲಿ ತೆರೆದ ಸೆಂಟ್ರಲ್ ಮಾರ್ಕೆಟ್. ಐದು ಭಾರೀ ಚಾವಣಿಗಳು, ಜರ್ಮನರ ಜೆಪ್ಪೆಲಿನ್ ವಾಯುನೌಕೆಗಳ ಹ್ಯಾಂಗರಿನ ಉಕ್ಕು ಬಳಸಿ ಕಟ್ಟಿದ್ದು! ಕಪ್ಪು ರೈ ಬ್ರೆಡ್ ತಿನ್ನಿ. ಸಸ್ಯಾಹಾರಿಗಳೇ ಹುಷಾರ್, ಅವರ ಮೆಚ್ಚಿನ ಬಟಾಣಿ ಪಲ್ಯಕ್ಕೆ ಹಂದಿ ಮಾಂಸ ಬೆರೆಸಿರ್ತಾರೆ, ಕೇಳಿ ತಗೊಳ್ಳಿ. ಮಾತಿಗೆ ಇಂಗ್ಲಿಷ್ ಸಾಕು. ದೇವರಿಗೆ ಅವರು 'ದಿಯೆವ್ಸ್' ಅಂತಾರೆ, ಬೆಂಕಿಗೆ 'ಉಗುನ್ಸ್'. ನಮ್ಮ ದೇವ, ಅಗ್ನಿ ಪದಗಳಿಗೆ ದೂರದ ನೆಂಟರು!

ಹಳೇ ಪೇಟೆಯಲ್ಲಿ ಬೆನ್ನು ಗೂನು ಮಾಡಿ ನಿಂತ ಕಪ್ಪು ಬೆಕ್ಕುಗಳಿರುವ 'ಬೆಕ್ಕಿನ ಮನೆ'ಯನ್ನು ಮರೆಯಬೇಡಿ. ಬೆಕ್ಕು ಅಂದ ಕೂಡಲೆ 'ಫ್ಲೋ' ನೆನಪಾಗಲಿಲ್ವೆ? ಗಿಂಟ್ಸ್ ಜಿಲ್ಬಾಲೊಡಿಸ್ ಎಂಬ ಲಾಟ್ವಿಯಾದ ಹುಡುಗ, ಪುಕ್ಕಟೆ ಸಿಗುವ ಬ್ಲೆಂಡರ್ ಸಾಫ್ಟ್‌ವೇರ್ ಬಳಸಿ ಮಾಡಿದ ಬೆಕ್ಕಿನ ಚಿತ್ರ. ಒಂದು ಮಾತೂ ಇಲ್ಲ! ನಮ್ಮ ಬೆಂಗಳೂರಿನಲ್ಲಿ ತೆಗೆದ 'ಪುಷ್ಪಕ ವಿಮಾನ' (1987) ಕೂಡ ಮಾತಿಲ್ಲದೆ ಗೆದ್ದದ್ದೇ ಅಲ್ಲವೇ? 2025ರಲ್ಲಿ 'ಫ್ಲೋ' ಲಾಟ್ವಿಯಾಕ್ಕೆ ಮೊಟ್ಟಮೊದಲ ಆಸ್ಕರ್ ತಂದಿತು.

ಇನ್ನೂ ಹೊತ್ತು ಉಳಿದರೆ ಅರ್ಧ ಗಂಟೆಯ ಲೋಕಲ್ ರೈಲು ಹಿಡಿದು ಯೂರ್ಮಲಾ ಕಡಲ ತೀರಕ್ಕೆ ಹೋಗಿ. ಮರಳು ಬಿಳಿ, ನೀರು ಐಸು! ಕಾಲು ನೆನೆಸಿದರೆ ಸಾಕು.

ಜೇಬಿನಲ್ಲಿ ದುಡ್ಡು ಕಮ್ಮಿಯೇ? ಇವತ್ತೇ 'ಫ್ಲೋ' ನೋಡಿ, ನಾಳೆ 'ಪೊಟೆಮ್ಕಿನ್' ಹುಡುಕಿ. ವೀಸಾ ಕೇಳದೆ ಒಳಗೆ ಬಿಡೋದು ಸಿನಿಮಾ ಒಂದೇ!