ಒಂದೇ ಉಸಿರಿನಲ್ಲಿ ನೀರಿಗಿಳಿದವರು

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಈ ಪ್ರಶ್ನೆ ಹೊಸದಲ್ಲ. ‘ಕೆಳಗಿನವುಗಳಲ್ಲಿ ಸಸ್ತನಿ ಯಾವುದು? ಶಾರ್ಕ್, ತಿಮಿಂಗಿಲ, ಕಡಲಕುದುರೆ, ಆಕ್ಟೋಪಸ್.’ ಕಣ್ಣು ಮುಚ್ಚಿಕೊಂಡು ತಿಮಿಂಗಿಲಕ್ಕೆ ಟಿಕ್ ಹಾಕುತ್ತೇವೆ. ಒಂದು ಅಂಕ ಬರುತ್ತದೆ. ಮುಂದಿನ ಪ್ರಶ್ನೆಗೆ ಹೋಗುತ್ತೇವೆ.

ಬಿ.ಎಸ್ಸಿ. ಮುಗಿಸಿ ಎರಡು ವರ್ಷದಿಂದ ಇಂಥ ಗೈಡುಗಳ ಜೊತೆಯಲ್ಲೇ ನನ್ನ ಸಂಸಾರ. ಸಂಜೆ ಹೊತ್ತು ನಮ್ಮ ಯಲ್ದೂರಿನ ಒಂದಷ್ಟು ಮಕ್ಕಳಿಗೆ ಪಾಠ ಹೇಳುತ್ತೇನೆ. ಒಂದು ದಿನ ಇದೇ ಪ್ರಶ್ನೆ ಹಾಕಿದಾಗ ಏಳನೇ ತರಗತಿಯ ಹುಡುಗಿಯೊಬ್ಬಳು ಉತ್ತರ ಸರಿಯಾಗಿ ಹೇಳಿ, ‘ಮೀನಲ್ಲ ಅಂದ್ಮೇಲೆ ಅದು ನೀರಿಗ್ಯಾಕೆ ಹೋಯ್ತು ಅಣ್ಣಾ?’ ಎಂದಳು. ಗೈಡಿನ ನಾಲ್ಕು ಆಯ್ಕೆಗಳಲ್ಲಿ ಇದಕ್ಕೆ ಉತ್ತರವಿಲ್ಲ. ವರ್ಷವಿಡೀ ಹರಿಯುವ ಒಂದೂ ನದಿಯಿಲ್ಲದ, ಸಾವಿರ ಅಡಿ ಕೊರೆದರೂ ನೀರು ಸಿಗುವ ಖಾತರಿಯಿಲ್ಲದ ಜಿಲ್ಲೆಯಲ್ಲಿ ಕೂತು ನೀರಿನ ಪ್ರಾಣಿಗಳ ಬಗ್ಗೆ ಓದತೊಡಗಿದ್ದು ಹಾಗೆ. ಓದುತ್ತಾ ಹೋದಂತೆ ಪರೀಕ್ಷೆ ಮರೆತೇ ಹೋಯಿತು!

ಕಾಶ್ಮೀರದ ಕಲ್ಲಿನೊಳಗಿನ ಉತ್ತರ

ಆ ಹುಡುಗಿಯ ಪ್ರಶ್ನೆಗೆ ಉತ್ತರದ ಒಂದು ತುಂಡು ನಮ್ಮ ದೇಶದಲ್ಲೇ ಸಿಕ್ಕಿದೆ. ಎ. ರಂಗರಾವ್ ಎಂಬ ಭೂವಿಜ್ಞಾನಿ ಜಮ್ಮು ಮತ್ತು ಕಾಶ್ಮೀರದ ಕಾಲಾಕೋಟ್ ಪ್ರದೇಶದಲ್ಲಿ ಪಳೆಯುಳಿಕೆ ತುಂಬಿದ ಕಲ್ಲುಗಳನ್ನು ಸಂಗ್ರಹಿಸಿದ್ದರು. ಅದರಲ್ಲಿದ್ದ ಒಂದು ಪ್ರಾಣಿಗೆ 1971ರಲ್ಲಿ ‘ಇಂಡೋಹ್ಯೂಸ್’ ಎಂದು ಹೆಸರಿಟ್ಟವರೂ ಅವರೇ. ಅವರು ತೀರಿಕೊಂಡ ಮೇಲೆ ಉಳಿದ ಕಲ್ಲುಗಳನ್ನು ಅವರ ಪತ್ನಿ ಡೆಹ್ರಾಡೂನಿನಲ್ಲಿ ಜೋಪಾನ ಮಾಡಿದ್ದರು. ಅವು ಅಮೆರಿಕದ ವಿಜ್ಞಾನಿ ಹ್ಯಾನ್ಸ್ ಥೆವಿಸನ್ ಅವರ ಕೈಸೇರಿದವು. ಪ್ರಯೋಗಾಲಯದಲ್ಲಿ ಕಲ್ಲು ಬಿಡಿಸುವಾಗ ಒಂದು ತಲೆಬುರುಡೆಯ ಕಿವಿಯ ಭಾಗ ಆಕಸ್ಮಿಕವಾಗಿ ಮುರಿಯಿತು. ಒಳಗೆ ನೋಡಿದರೆ, ತಿಮಿಂಗಿಲಗಳ ಬಳಗದಲ್ಲಿ ಮಾತ್ರ ಇರುತ್ತದೆ ಎಂದುಕೊಂಡಿದ್ದ ದಪ್ಪನೆಯ ಕಿವಿಮೂಳೆ!

2007ರಲ್ಲಿ ಈ ಸಂಶೋಧನೆ ಪ್ರಕಟವಾಯಿತು. ಸುಮಾರು 4.8 ಕೋಟಿ ವರ್ಷಗಳ ಹಿಂದೆ ಬದುಕಿದ್ದ ಇಂಡೋಹ್ಯೂಸ್ ಗಾತ್ರದಲ್ಲಿ ಬೆಕ್ಕಿನಷ್ಟು. ನೋಡಲು ನಮ್ಮ ಮಲೆನಾಡಿನ ಇಲಿಜಿಂಕೆ ಅಥವಾ ‘ಬರ್ಕ’ದ ಹಾಗೆ. ಕಾಲಲ್ಲಿ ಗೊರಸು. ಆದರೆ ಮೂಳೆಗಳು ಮಾತ್ರ ನೀರಾನೆಯ ಮೂಳೆಯಂತೆ ಗಟ್ಟಿ, ಭಾರ. ನೀರಿನ ತಳದಲ್ಲಿ ತೇಲದೆ ನಡೆಯಲು ಇಂಥ ಮೂಳೆ ಬೇಕು. ಅಪಾಯ ಬಂದಾಗ ಅದು ನೀರಿಗೆ ಹಾರಿ ಅಡಗುತ್ತಿತ್ತು, ಆಹಾರವನ್ನು ನೀರಿನಲ್ಲಿ ಹುಡುಕುವ ರೂಢಿ ಆಮೇಲೆ ಬಂತು ಎಂಬುದು ಥೆವಿಸನ್ ತಂಡದ ಊಹೆ. ಅಂದರೆ ತಿಮಿಂಗಿಲದ ಪೂರ್ವಜರ ಬಳಗ ನೀರಿಗೆ ಹೋಗಿದ್ದು ಜೀವ ಉಳಿಸಿಕೊಳ್ಳಲು.

ಹಾಗೆ ನೀರಿಗೆ ಮರಳಿದ್ದು ಒಂದೇ ಬಳಗವಲ್ಲ. ಸೀಲ್‌ಗಳು ಬಂದದ್ದು ಕರಡಿ, ನಾಯಿಗಳಿರುವ ಮಾಂಸಾಹಾರಿಗಳ ಗುಂಪಿನಿಂದ. ಕಡಲ ಹಸು ಎಂದು ಕರೆಸಿಕೊಳ್ಳುವ ಡುಗಾಂಗ್‌ನ ಹತ್ತಿರದ ನೆಂಟ ಆನೆ. ನಮ್ಮ ಬಂಗಾರಪೇಟೆಯ ಕಾಮಸಮುದ್ರದ ಕಡೆ ರಾಗಿ ಹೊಲಕ್ಕೆ ನುಗ್ಗುವ ಆನೆಗೂ, ತಮಿಳುನಾಡಿನ ಪಾಕ್ ಕೊಲ್ಲಿಯಲ್ಲಿ ಕಡಲಹುಲ್ಲು ಮೇಯುವ ಡುಗಾಂಗ್‌ಗೂ ಒಂದೇ ಮೂಲ. ಎಲ್ಲರೂ ಒಂದು ಷರತ್ತಿನ ಮೇಲೆ ನೀರಿಗಿಳಿದಿದ್ದಾರೆ. ಕಿವಿರು ಸಿಗುವುದಿಲ್ಲ. ಉಸಿರಿಗೆ ಮೇಲೆ ಬರಲೇಬೇಕು.

ಹೆಸರಿಗೆ ಕುದುರೆ, ನೆಂಟಸ್ತಿಕೆ ತಿಮಿಂಗಿಲದ್ದು

ಗ್ರೀಕರು ಹಿಪೊಪೊಟಮಸ್‌ಗೆ ‘ನದಿಯ ಕುದುರೆ’ ಎಂದರು. ನಮ್ಮ ಗಡಿಯ ತೆಲುಗಿನಲ್ಲೂ ಅದು ‘ನೀಟಿ ಗುರ್ರಂ’. ಕನ್ನಡದಲ್ಲಿ ನೀರ್ಕುದುರೆ, ನೀರಾನೆ ಎರಡೂ ಉಂಟು. ಆದರೆ ಅದು ಕುದುರೆಯೂ ಅಲ್ಲ, ಆನೆಯೂ ಅಲ್ಲ. ಇಂದು ಬದುಕಿರುವ ಪ್ರಾಣಿಗಳಲ್ಲಿ ಅದಕ್ಕೆ ಅತಿ ಹತ್ತಿರದ ಸಂಬಂಧಿ ತಿಮಿಂಗಿಲ ಎಂದು ಡಿಎನ್‌ಎ ಪರೀಕ್ಷೆಗಳು ಹೇಳುತ್ತವೆ.

ಮೈಸೂರು ಮೃಗಾಲಯದಲ್ಲಿ ನೀರಾನೆಯನ್ನು ನೋಡಿದವರಿಗೆ ನೆನಪಿರಬಹುದು. ಗಂಟೆಗಟ್ಟಲೆ ಕಾದರೂ ಕಾಣುವುದು ಎರಡು ಕಣ್ಣು, ಎರಡು ಕಿವಿ, ಎರಡು ಹೊಳ್ಳೆ. ಇವು ಮೂರೂ ತಲೆಯ ಮೇಲ್ಭಾಗದಲ್ಲೇ ಇರುವುದರಿಂದ ಉಳಿದ ದೇಹವನ್ನೆಲ್ಲ ಮುಳುಗಿಸಿಟ್ಟು ಅದು ಲೋಕ ನೋಡಬಲ್ಲದು. ಇನ್ನೂ ವಿಚಿತ್ರವೆಂದರೆ ನೀರಾನೆಗೆ ನಿಜವಾಗಿ ಈಜು ಬರುವುದಿಲ್ಲ. ಅದು ನದಿಯ ತಳವನ್ನು ಕಾಲಿನಿಂದ ಒದ್ದುಕೊಂಡು ನಡೆಯುತ್ತದೆ, ಓಡುತ್ತದೆ. ಸುಮಾರು 5 ನಿಮಿಷ ಉಸಿರು ಹಿಡಿಯುತ್ತದೆ. ನಿದ್ದೆಯಲ್ಲಿದ್ದಾಗಲೂ ಎಚ್ಚರಗೊಳ್ಳದೆ ಮೇಲೆ ಬಂದು ಉಸಿರಾಡಿ ಮತ್ತೆ ಮುಳುಗುತ್ತದೆ.

‘ನೀರಾನೆ ರಕ್ತ ಬೆವರುತ್ತದೆ’ ಎಂಬ ಮಾತು ಕೇಳಿರುತ್ತೀರಿ. ಅದು ರಕ್ತವೂ ಅಲ್ಲ, ಬೆವರೂ ಅಲ್ಲ. ಚರ್ಮದಿಂದ ಒಸರುವ ಬಣ್ಣವಿಲ್ಲದ ದ್ರವ ಕೆಲವೇ ನಿಮಿಷದಲ್ಲಿ ಕೆಂಪಾಗುತ್ತದೆ. ಅದರ ಒಂದು ಭಾಗ ಬಿಸಿಲಿನ ನೇರಳಾತೀತ ಕಿರಣವನ್ನು ಹೀರುತ್ತದೆ, ಬ್ಯಾಕ್ಟೀರಿಯಾ ಬೆಳೆಯದಂತೆಯೂ ತಡೆಯುತ್ತದೆ ಎಂದು ಜಪಾನಿನ ವಿಜ್ಞಾನಿಗಳು 2004ರಲ್ಲಿ ತೋರಿಸಿದರು. ಸನ್‌ಸ್ಕ್ರೀನ್ ಮತ್ತು ಗಾಯದ ಮುಲಾಮು ಒಂದೇ ಟ್ಯೂಬಿನಲ್ಲಿ!

ಅಂದಹಾಗೆ ನೀರಾನೆ ಇಂದು ಆಫ್ರಿಕಾದ ಪ್ರಾಣಿ. ಆದರೆ ಒಂದು ಕಾಲಕ್ಕೆ ಅದರ ಬಳಗ ಭಾರತದಲ್ಲೂ ಇತ್ತು. ಶಿವಾಲಿಕ್ ಬೆಟ್ಟಗಳಲ್ಲಿ, ನರ್ಮದಾ ಕಣಿವೆಯಲ್ಲಿ ಅದರ ಪಳೆಯುಳಿಕೆಗಳು ಸಿಕ್ಕಿವೆ.

ಕೆಜಿಎಫ್‌ ಗಣಿಯಷ್ಟು ಆಳ

ಆಳ ಎಂದರೆ ಕೋಲಾರದವರಿಗೆ ಕೆಜಿಎಫ್ ನೆನಪಾಗುತ್ತದೆ. ಅಲ್ಲಿನ ಚಾಂಪಿಯನ್ ರೀಫ್ ಗಣಿ ಸುಮಾರು 3,200 ಮೀಟರ್ ಆಳ. ಅಷ್ಟು ಕೆಳಗೆ ಕೆಲಸ ಮಾಡಬೇಕಾದರೆ ಮೇಲಿನಿಂದ ಗಾಳಿಯನ್ನು ತಂಪು ಮಾಡಿ ಕಳಿಸಬೇಕಿತ್ತು. ಹೆಚ್ಚುಕಡಿಮೆ ಅಷ್ಟೇ ಆಳಕ್ಕೆ, 2,992 ಮೀಟರ್‌ಗೆ, ಕೂವಿಯರ್ ಕೊಕ್ಕಿನ ತಿಮಿಂಗಿಲವೊಂದು ಇಳಿದದ್ದನ್ನು ವಿಜ್ಞಾನಿಗಳು ದಾಖಲಿಸಿದ್ದಾರೆ. ಅದೇ ಜಾತಿಯ ಮತ್ತೊಂದು ತಿಮಿಂಗಿಲ 3 ಗಂಟೆ 42 ನಿಮಿಷ ನೀರಿನಡಿಯೇ ಇತ್ತು. ಒಂದೇ ಉಸಿರಿನಲ್ಲಿ.

ಇದು ಹೇಗೆ ಸಾಧ್ಯ? ನಾವು ಮುಳುಗುವ ಮೊದಲು ಎದೆ ತುಂಬ ಗಾಳಿ ಎಳೆದುಕೊಳ್ಳುತ್ತೇವೆ. ಸೀಲ್ ಅದಕ್ಕೆ ತದ್ವಿರುದ್ಧ. ಮುಳುಗುವ ಮೊದಲು ಅದು ಉಸಿರು ಹೊರಬಿಡುತ್ತದೆ. ಅದರ ಆಮ್ಲಜನಕದ ಬಹುಪಾಲು ಶ್ವಾಸಕೋಶದಲ್ಲಿರದೆ ರಕ್ತದಲ್ಲಿ ಮತ್ತು ಸ್ನಾಯುಗಳಲ್ಲಿರುವ ಮಯೊಗ್ಲೋಬಿನ್ ಎಂಬ ಪ್ರೋಟೀನಿನಲ್ಲಿ ಜಮೆಯಾಗಿರುತ್ತದೆ. ಆಳಕ್ಕೆ ಹೋದಾಗ ಆನೆ ಸೀಲ್‌ನ ಹೃದಯ ನಿಮಿಷಕ್ಕೆ ಹತ್ತಕ್ಕಿಂತ ಕಡಿಮೆ ಸಲ ಬಡಿಯುತ್ತದೆ. ಬೇಡದ ಕಡೆ ರಕ್ತ ಹರಿಯುವುದನ್ನು ಕಡಿತ ಮಾಡಿ ಮಿದುಳಿಗೆ ಕಾದಿಡುತ್ತದೆ. ತಿಂಗಳ ಕೊನೆಯಲ್ಲಿ ಪಿ.ಜಿ.ಯಲ್ಲಿರುವ ನಮ್ಮ ಗೆಳೆಯರು ದುಡ್ಡು ಖರ್ಚು ಮಾಡುವ ಹಾಗೆ!

ಇನ್ನೊಂದು ಲೆಕ್ಕ ನಮ್ಮ ಜಿಲ್ಲೆಯವರಿಗೆ ಬೇಗ ಅರ್ಥವಾಗುತ್ತದೆ. ಸಮುದ್ರದ ಸಸ್ತನಿಗಳಿಗೆ ಸುತ್ತ ನೀರೇ ನೀರು, ಆದರೆ ಅದು ಉಪ್ಪು. ಅವು ಸಾಮಾನ್ಯವಾಗಿ ಆ ನೀರನ್ನು ನೆಚ್ಚಿಕೊಳ್ಳುವುದಿಲ್ಲ. ತಿಂದ ಮೀನಿನೊಳಗಿನ ನೀರು ಮತ್ತು ದೇಹದಲ್ಲಿ ಕೊಬ್ಬು ಕರಗುವಾಗ ಹುಟ್ಟುವ ನೀರು, ಇಷ್ಟರಲ್ಲೇ ಬದುಕು ಸಾಗಬೇಕು. ಕಡಲ ನಡುವೆ ಇದ್ದೂ ಬರಗಾಲದ ಬದುಕು.

ಹಾಲಿನಲ್ಲೂ ನೀರು ಪೋಲು ಮಾಡುವಂತಿಲ್ಲ. ನಮ್ಮ ಡೇರಿಯಲ್ಲಿ ಹಸುವಿನ ಹಾಲಿಗೆ ಫ್ಯಾಟ್ 4 ಬಂದರೆ ಸಂತೋಷ. ಉತ್ತರ ಧ್ರುವದ ಕಡೆಯ ಹುಡೆಡ್ ಸೀಲ್‌ನ ಹಾಲಿನಲ್ಲಿ ಕೊಬ್ಬು ಶೇ 60ಕ್ಕೂ ಹೆಚ್ಚು. ಮರಿ ಹಾಲು ಕುಡಿಯುವುದು ಬರೀ 4 ದಿನ. ಅಷ್ಟರಲ್ಲಿ ತೂಕ ಎರಡರಷ್ಟಾಗುತ್ತದೆ. ಕೆಳಗಿನ ಹಿಮದ ಹಲಗೆ ಯಾವಾಗ ಒಡೆಯುವುದೋ ಗೊತ್ತಿಲ್ಲದ ಜಾಗದಲ್ಲಿ ಬಾಲ್ಯ ಬೇಗ ಮುಗಿಯಲೇಬೇಕು.

ಹಳೆಯ ಗುರುತುಗಳು

ಊರು ಬಿಟ್ಟು ಎಷ್ಟೇ ದಿನವಾದರೂ ಮಾತಿನ ಧಾಟಿಯಲ್ಲಿ ಊರು ಉಳಿಯುತ್ತದೆ. ಇವೂ ಹಾಗೆಯೇ. ಮೀನು ಬಾಲವನ್ನು ಅಕ್ಕಪಕ್ಕಕ್ಕೆ ಆಡಿಸಿದರೆ ತಿಮಿಂಗಿಲ, ಡಾಲ್ಫಿನ್‌ಗಳು ಮೇಲೆ ಕೆಳಗೆ ಆಡಿಸುತ್ತವೆ. ನೆಲದ ಮೇಲೆ ನಾಲ್ಕು ಕಾಲಿನಲ್ಲಿ ಓಡುವ ಪ್ರಾಣಿಯ ಬೆನ್ನೆಲುಬು ಬಾಗುವುದು ಹಾಗೆಯೇ. ತಿಮಿಂಗಿಲದ ಈಜುರೆಕ್ಕೆಯೊಳಗೆ ನಮ್ಮ ಕೈಯಂತೆ ಬೆರಳಿನ ಮೂಳೆಗಳಿವೆ. ಹಿಂಗಾಲು ಹೋದರೂ ಸೊಂಟದ ಮೂಳೆಯ ತುಣುಕು ಮಾಂಸದೊಳಗೆ ಉಳಿದಿದೆ. ಹುಟ್ಟುವಾಗ ಡಾಲ್ಫಿನ್ ಮರಿಯ ಮೂತಿಯ ಮೇಲೆ ನಾಲ್ಕಾರು ಕೂದಲಿರುತ್ತವೆ. ಅವು ಬೇಗ ಉದುರಿಹೋಗುತ್ತವೆ.

ಡಾಲ್ಫಿನ್ ಮಲಗುವಾಗ ಮಿದುಳಿನ ಅರ್ಧಭಾಗ ಮಾತ್ರ ನಿದ್ರಿಸುತ್ತದೆ, ಉಳಿದರ್ಧ ಉಸಿರಿನ ಕಾವಲಿಗೆ. ಈ ಉಸಿರಿನ ನಂಟೇ ಅವುಗಳಿಗೆ ಮುಳುವೂ ಹೌದು. ಮೀನಿನ ಬಲೆಗೆ ಸಿಕ್ಕಿದ ಡಾಲ್ಫಿನ್ ಮೇಲೆ ಬರಲಾಗದೆ ನೀರಿನಲ್ಲೇ ಉಸಿರುಗಟ್ಟಿ ಸಾಯುತ್ತದೆ. ಚೀನಾದ ಯಾಂಗ್ಟ್‌ಸಿ ನದಿಯಲ್ಲಿ 2006ರಲ್ಲಿ ವಾರಗಟ್ಟಲೆ ಹುಡುಕಿದರೂ ಅಲ್ಲಿನ ‘ಬೈಜಿ’ ಡಾಲ್ಫಿನ್ ಒಂದೂ ಕಾಣಲಿಲ್ಲ. ಬಲೆ, ಹಡಗು, ಅಣೆಕಟ್ಟು, ಕೊಳಕು ಎಲ್ಲ ಸೇರಿ ಅದನ್ನು ಮುಗಿಸಿದ್ದವು. ನಮ್ಮ ಗಂಗಾ ಡಾಲ್ಫಿನ್‌ಗೆ 2009ರಲ್ಲಿ ರಾಷ್ಟ್ರೀಯ ಜಲಚರ ಪ್ರಾಣಿಯ ಪಟ್ಟ ಸಿಕ್ಕಿತು. 2025ರ ಮಾರ್ಚ್‌ನಲ್ಲಿ ಬಿಡುಗಡೆಯಾದ ವರದಿಯ ಪ್ರಕಾರ ದೇಶದ ನದಿ ಡಾಲ್ಫಿನ್‌ಗಳ ಸಂಖ್ಯೆ 6,327. ಪರೀಕ್ಷೆಗೆ ಓದುವವರು ಈ ಅಂಕಿ ಗುರುತು ಹಾಕಿಕೊಳ್ಳಿ. ಜೊತೆಗೆ, ಒಂದು ದೊಡ್ಡ ದೇಶದ ಎಲ್ಲ ನದಿಗಳಿಗೆ ಇದು ಎಷ್ಟು ಚಿಕ್ಕ ಸಂಖ್ಯೆ ಎಂದೂ ಯೋಚಿಸಿ.

ನಮ್ಮ ರಾಜ್ಯದ ನೀರುನಾಯಿ

ಇಷ್ಟೆಲ್ಲ ಓದಿದ ಮೇಲೆ ನನಗೆ ಹೆಚ್ಚು ಕಾಡಿದ್ದು ದೂರದ ತಿಮಿಂಗಿಲವಲ್ಲ, ನಮ್ಮದೇ ನೀರುನಾಯಿ. ತುಂಗಭದ್ರಾ ಅಣೆಕಟ್ಟಿನ ಬಳಿಯ ಮುದ್ಲಾಪುರದಿಂದ ಕಂಪ್ಲಿಯವರೆಗೆ ನದಿಯ 34 ಕಿಲೋಮೀಟರ್ ಭಾಗವನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು. ನೀರುನಾಯಿಗಳಿಗಾಗಿ ದೇಶದಲ್ಲೇ ಮೊದಲನೆಯದು ಇದು. ಹಂಪಿಗೆ ಪ್ರವಾಸ ಹೋದ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಿದೆ? ಕಲ್ಲಿನ ರಥದ ಮುಂದೆ ಸೆಲ್ಫಿ ತೆಗೆದು ಬಂದಿದ್ದೇವೆ ಅಷ್ಟೆ.

ಜಾಲಪಾದ, ಎರಡು ಪದರದ ತುಪ್ಪಳ, ಮುಳುಗಿದಾಗ ಮುಚ್ಚಿಕೊಳ್ಳುವ ಕಿವಿ ಮತ್ತು ಮೂಗು. ಗುಂಪಾಗಿ ಮೀನನ್ನು ಸುತ್ತುವರಿದು ಬೇಟೆಯಾಡುವ ಸಂಸಾರವಂದಿಗ ಪ್ರಾಣಿ. ಆದರೆ ಅದಕ್ಕೆ ನೀರೊಂದಿದ್ದರೆ ಸಾಲದು. ಮರಿ ಹಾಕಲು ದಂಡೆಯ ಬಿಲ ಬೇಕು, ಮೈ ಒಣಗಿಸಲು ಬಂಡೆ, ಮರಳು ಬೇಕು. ಮೀನಿಗಾಗಿ ಸಿಡಿಮದ್ದು ಹಾಕಿದರೆ, ಮರಳು ತೋಡಿದರೆ, ದಂಡೆಯ ಗಿಡ ಸವರಿದರೆ ನದಿ ತುಂಬಿ ಹರಿಯುತ್ತಿದ್ದರೂ ನೀರುನಾಯಿ ಇರುವುದಿಲ್ಲ.

2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿತ ನೀರು ಕೋಲಾರದ ಕೆರೆಗಳಿಗೆ ಬರತೊಡಗಿದೆ. ಕೆರೆಯಲ್ಲಿ ನೀರು ನಿಂತಿತೇ, ಬೋರ್‌ವೆಲ್ ಚಾರ್ಜ್ ಆಯಿತೇ ಎಂದು ಕೇಳುತ್ತೇವೆ. ಕೇಳಲೇಬೇಕು, ಮಾವಿನ ತೋಟ ನಂಬಿದವರು ನಾವು. ಆದರೆ ಆ ನೀರಿನಲ್ಲಿ, ಆ ಏರಿಯ ಮೇಲೆ ಯಾವ ಜೀವ ಬಂದು ನೆಲೆಸಿತು ಎಂದೂ ಕೇಳುವವರು ಬೇಕು. ನೀರು ಎಷ್ಟಿದೆ ಎಂದು ಮಾಪಕ ಹೇಳುತ್ತದೆ, ಹೇಗಿದೆ ಎಂದು ಪ್ರಾಣಿಗಳು ಹೇಳುತ್ತವೆ.

ಇಂಥ ಪ್ರಶ್ನೆ ಕೇಳುವುದೇ ವೃತ್ತಿಯಾಗಬಲ್ಲದು ಎಂಬುದನ್ನೂ ಪದವಿ ಓದುತ್ತಿರುವ ಗೆಳೆಯರಿಗೆ ಹೇಳಬೇಕು. ಬೆಂಗಳೂರಿನ ಎನ್‌ಸಿಬಿಎಸ್‌ನಲ್ಲಿ, ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಯಲ್ಲಿ ವನ್ಯಜೀವಿ ವಿಜ್ಞಾನದ ಸ್ನಾತಕೋತ್ತರ ಕೋರ್ಸ್‌ಗಳಿವೆ. ಪ್ರವೇಶ ಕಠಿಣ, ಆದರೆ ಬಾಗಿಲು ಇದೆ.

ಅಲ್ಲಿಯವರೆಗೆ ಒಂದು ಸುಲಭದ ಕೆಲಸ. ಮುಂದಿನ ಸಲ ಹಂಪಿಗೆ ಹೋದರೆ ಬೆಳಕು ಹರಿಯುವ ಹೊತ್ತಿಗೆ ಎದ್ದು ತುಂಗಭದ್ರೆಯ ದಂಡೆಯಲ್ಲಿ ಸದ್ದು ಮಾಡದೆ ಅರ್ಧ ಗಂಟೆ ಕೂರಿ. ಬಂಡೆಗಳ ನಡುವೆ ನೀರು ಸೀಳಿಕೊಂಡು ಒಂದು ಕಂದು ತಲೆ ಮೇಲೆ ಬಂದು, ಉಸಿರೆಳೆದು, ಮತ್ತೆ ಮುಳುಗಬಹುದು. ಕಂಡರೆ ಫೋಟೊಗಿಂತ ಮೊದಲು ಆ ಉಸಿರಿನ ಸದ್ದು ಕೇಳಿಸಿಕೊಳ್ಳಿ.