ಸೋಲಿಗರ ರೊಟ್ಟಿ ಹಬ್ಬವೂ ನಮ್ಮ ಸುಗ್ಗಿ ಹಬ್ಬವೂ

‘ಪೇಗನ್’ ಎಂಬ ಮಾತನ್ನು ನಾವು ನಿಂದೆಯ ಪದದಂತೆ ಬಳಸುವುದುಂಟು. ಅದರ ಲತೀನ್ ಮೂಲಕ್ಕೆ ಹಳ್ಳಿಯವನು ಎಂಬುದೇ ಹಳೆಯ ಅರ್ಥ. ಕೊಪ್ಪಲು ಎಂದರೂ ಸಣ್ಣ ಹಳ್ಳಿಯೇ. ಮೈಸೂರು ನಗರದೊಳಗೆ ಸೇರಿಹೋದ ಕುಂಬಾರಕೊಪ್ಪಲಿನ ಹೆಸರಿನಲ್ಲಿ ಮಣ್ಣೂ ಹಳ್ಳಿಯೂ ಇನ್ನೂ ಉಳಿದಿವೆ. ನೆಲ, ನೀರು, ಮರಗಳನ್ನು ಪೂಜ್ಯವೆಂದು ಬಗೆಯುವವರನ್ನು ಅರಿಯಲು ನಾವು ಪುರಾತನ ರೋಮಿಗೆ ಹೋಗಬೇಕಾಗಿಲ್ಲ. ನೆರೆಯ ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರಿದ್ದಾರೆ.

ಸೋಲಿಗರ ದೃಷ್ಟಿಯಲ್ಲಿ ಕಾಡು ಆಯಾ ಕುಲಕ್ಕೆ ಸೇರಿದ ‘ಎಲ್ಲೆ’ಗಳ ಸಮೂಹ. ಎಲ್ಲೆಯೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಆರಾಧನೆಯ ನೆಲೆಗಳಿವೆ. ಭಾರ್ಗವಿ ಹೊಳೆಯ ದಡದ ದೊಡ್ಡ ಸಂಪಿಗೆ ಮರಕ್ಕೆ ಪೂಜೆ ಸಲ್ಲುತ್ತದೆ. ರಾಗಿಯ ಸುಗ್ಗಿ ಮುಗಿದ ಮೇಲೆ ಬರುವುದು ರೊಟ್ಟಿ ಹಬ್ಬ. ಪೋಡಿನವರು ಒಟ್ಟುಗೂಡಿ ರಾಗಿ ರೊಟ್ಟಿ ಸುಡುತ್ತಾರೆ, ದೇವರಿಗೆ ಅರ್ಪಿಸುತ್ತಾರೆ, ನೆರೆದವರೆಲ್ಲರಿಗೂ ಹಂಚುತ್ತಾರೆ. ಗೊರುಕನ ಹಾಡಿಗೆ ಗಂಡಸರೂ ಹೆಂಗಸರೂ ಕುಣಿಯುತ್ತಾರೆ. ಇಲ್ಲಿ ವಿಶ್ವಾಸಪ್ರಮಾಣದ ಪಠಣವಿಲ್ಲ. ಸಮುದಾಯವನ್ನು ಕಟ್ಟುವುದು ಕೂಡಿ ಮಾಡುವ ಕೆಲಸ ಮತ್ತು ಕೂಡಿ ಉಣ್ಣುವ ಊಟ. 1974ರಲ್ಲಿ ಅಭಯಾರಣ್ಯ ಘೋಷಣೆಯಾಗಿ ಅವರ ಬದುಕು ಅಲ್ಲಾಡಿದರೂ ಈ ಬಂಧ ಕಡಿಯಲಿಲ್ಲ. 2011ರಲ್ಲಿ ಅರಣ್ಯದ ಮೇಲೆ ಅವರ ಸಾಮುದಾಯಿಕ ಹಕ್ಕುಗಳಿಗೆ ಮನ್ನಣೆ ದೊರೆತಾಗ, ಈ ಆರಾಧನಾ ಸ್ಥಳಗಳ ನಕ್ಷೆಯೂ ಅದಕ್ಕೆ ಆಧಾರವಾಗಿ ನೆರವಾಯಿತು. ಪೂಜೆಯನ್ನು ಮೌಢ್ಯವೆಂದು ತಳ್ಳಿಹಾಕುವವರು ಇದನ್ನು ಗಮನಿಸಬೇಕು.

ಹಾಗಾದರೆ ಪೋಡಿಗೆ ಭೇಟಿಯಿತ್ತ ದೈವಜ್ಞಾನ ವಿದ್ಯಾರ್ಥಿಯ ಕೈಗೆ ಆ ರೊಟ್ಟಿ ಬಂದರೆ? ಪ್ರಶ್ನೆ ಸುಲಭವಲ್ಲ. ಲುಸ್ತ್ರದಲ್ಲಿ ಪೌಲನು ಮಳೆಯನ್ನೂ ಬೆಳೆಯನ್ನೂ ದೇವರು ತನ್ನ ವಿಷಯದಲ್ಲಿ ಉಳಿಸಿದ ಸಾಕ್ಷಿಯೆಂದು ಹೇಳಿದನು (ಅಪೊಸ್ತಲರ ಕೃತ್ಯಗಳು 14). ಆದರೆ ಅದೇ ಮಾತಿನಲ್ಲಿ ತನಗೆ ಬಲಿಯರ್ಪಿಸಲು ಬಂದವರನ್ನು ತಡೆದನು. ಬಡಿಸಿದ್ದನ್ನು ವಿಚಾರಿಸದೆ ತಿನ್ನಿರಿ, ಆದರೆ ಇದು ನೈವೇದ್ಯವೆಂದು ಯಾರಾದರೂ ತಿಳಿಸಿದರೆ ಅವರ ಮನಸ್ಸಾಕ್ಷಿಯ ನಿಮಿತ್ತ ಬಿಡಿರಿ ಎಂದು ಕೊರಿಂಥದವರಿಗೆ ಬರೆದನು. ಅರ್ಪಣೆಯ ರೊಟ್ಟಿಯನ್ನು ಕೈಮುಗಿದು ಬಿಡುವುದು ಅವನಿಗೆ ಸಾಧ್ಯ. ಸೌದೆ ಹೊರುವುದನ್ನೂ ಅವರ ಪಕ್ಕದಲ್ಲಿ ಕುಳಿತು ಮಾತಾಡುವುದನ್ನೂ ಬಿಡಲು ಯಾವ ವಚನವೂ ಹೇಳುವುದಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಇನ್ನು ನಮ್ಮ ಸುಗ್ಗಿ ಹಬ್ಬದ ಮಾತು. ಧರ್ಮೋಪದೇಶಕಾಂಡ 26ರಲ್ಲಿ ಪ್ರಥಮಫಲದ ಪುಟ್ಟಿಯನ್ನು ಯಜ್ಞವೇದಿಯ ಮುಂದಿಟ್ಟ ಇಸ್ರಾಯೇಲ್ಯನು ಲೇವಿಯನೊಂದಿಗೂ ಪರದೇಶಿಯೊಂದಿಗೂ ಸಂತೋಷಪಡಬೇಕು. ನಮ್ಮ ಅನೇಕ ಸಭೆಗಳಲ್ಲಿ ಕಾಣಿಕೆಯ ಕುಂಬಳಕಾಯಿ, ಬಾಳೆಗೊನೆ, ಕೋಳಿಗಳು ಆರಾಧನೆ ಮುಗಿದೊಡನೆ ಹರಾಜಾಗುತ್ತವೆ. ಕಟ್ಟಡ ನಿಧಿಗೆ ಹಣ ಸೇರುತ್ತದೆ, ಹೆಚ್ಚು ಕೂಗಿದವನು ಗೊನೆಯನ್ನು ಹೊತ್ತೊಯ್ಯುತ್ತಾನೆ. ಕೂಲಿಯಿಂದ ಬದುಕುವ ವಿಧವೆ ತಾನೇ ತಂದ ಸೇರು ರಾಗಿಯನ್ನು ಬೇರೆಯವರು ಕೊಳ್ಳುವುದನ್ನು ನೋಡುತ್ತಾ ನಿಲ್ಲುತ್ತಾಳೆ. ಮುಂದಿನ ಸುಗ್ಗಿಯ ಯೋಜನೆಗೆ ಸಭಾಪಾಲಕರೂ ಹಿರಿಯರೂ ಕುಳಿತಾಗ, ಕಾಣಿಕೆಯ ಅರ್ಧವನ್ನಾದರೂ ಹರಾಜಿನಿಂದ ತೆಗೆದು ಅದೇ ದಿನ ಅಡುಗೆಮನೆಗೆ ಕಳುಹಿಸುವ ವಿಷಯವನ್ನು ಮೊದಲು ಚರ್ಚಿಸಲಿ.