ಗೋಡು ಹೊಡೆಸೋ ಮುಂಚೆ ಕೆರೆ ಸುತ್ತ ಒಂದು ರೌಂಡ್ ಹಾಕಿ

ತುರುವೇಕೆರೆ, ನೊಣವಿನಕೆರೆ, ಹಂದನಕೆರೆ, ಶೆಟ್ಟಿಕೆರೆ, ಕಂದಿಕೆರೆ. ನಮ್ಮ ತೆಂಗಿನ ಸೀಮೆಯಲ್ಲಿ ಊರಿನ ಹೆಸರಲ್ಲೇ ಕೆರೆ ಇದೆ. ತೋಟದ ಬೋರ್‌ವೆಲ್‌ಗೆ ನೀರು ಇಂಗಿಸೋದೂ ಕೆರೆಯೇ. ಆದರೆ ನಮಗದು ನೆನಪಾಗೋದು ಬೇಸಿಗೆಯಲ್ಲಿ, ಗೋಡು ಬೇಕಾದಾಗ.

ನಾನೂ ಅಂಥವನೇ. ತೋಟಗಾರಿಕೆ ಓದಿ ಊರಿಗೆ ಬಂದ ಮೊದಲ ವರ್ಷ ನಮ್ಮೂರ ಸಣ್ಣ ಕೆರೆಗೆ ಜೆಸಿಬಿ ಇಳಿಸಿ, ಒಂದೇ ಮೂಲೆಯಲ್ಲಿ ಆಳಕ್ಕೆ ಬಗೆಸಿ, ಐವತ್ತು ಲೋಡ್ ಹೊಡೆಸಿದೆ. ಮಳೆ ಬಂತು, ಗುಂಡಿ ನೀರಲ್ಲಿ ಮುಚ್ಚಿಹೋಯ್ತು. ಪಕ್ಕದ ಬೀದಿಯವರ ಎಮ್ಮೆ ನೀರಿಗಿಳಿದು ಅಲ್ಲೇ ಕೆಸರಲ್ಲಿ ಹೂತುಕೊಂಡಿತು. ಹಗ್ಗ ಹಾಕಿ ಎಳೆದರೂ ಉಳಿಯಲಿಲ್ಲ. ಆ ಮನೆಗೆ ಹಾಲಿನ ದುಡ್ಡೇ ಆಧಾರ. ಎಮ್ಮೆಯ ಬೆಲೆ ಕೊಟ್ಟೆ. ಆದರೆ ಮೀನು ಹಿಡಿಯೋ ಅಜ್ಜ ಅಂದ ಮಾತು ಈಗಲೂ ಚುಚ್ಚುತ್ತೆ: "ಎಮ್ಮೆ ಹೋಯ್ತು ಸರಿ. ಅಲ್ಲೇ ಮಕ್ಕಳು ಈಜ್ತಾವೆ ಕಣಪ್ಪಾ."

ಕುರಿ ಕಾಯೋರು, ಬಟ್ಟೆ ಒಗೆಯೋರು, ಮಡಕೆಗೆ ಜೇಡಿಮಣ್ಣು ತರೋರು, ಅಚ್ಚುಕಟ್ಟಿನ ರೈತರು, ನೀರಗಂಟಿ. ಕೆರೆ ಇವರೆಲ್ಲರದ್ದು. ತೋಟ ಇರೋರದ್ದು ಮಾತ್ರ ಅಲ್ಲ. ಅದಕ್ಕೇ ಈಗ ನಾನು ಹೀಗೆ ಮಾಡ್ತೀನಿ:

ಮೊದಲು ಕೇಳಿ: ಪಂಚಾಯಿತಿಯಲ್ಲಿ ಅನುಮತಿ ಪಡೆಯಿರಿ, ಕೆರೆ ಬಳಸೋರ ಜೊತೆ ಮಾತಾಡಿ. ದಿಶಾಂಕ್ ಆಪ್‌ನಲ್ಲಿ ಕೆರೆಯ ಸರ್ವೆ ನಂಬರ್, ಗಡಿ ನೋಡಿಕೊಳ್ಳಿ.

ಎಲ್ಲಿ, ಎಷ್ಟು: ಏರಿ ಬುಡ, ತೂಬಿನ ಹತ್ತಿರ ಮುಟ್ಟಲೇಬೇಡಿ. ಹೂಳಷ್ಟೇ ತೆಗೆಯಿರಿ, ತಳದ ಗಟ್ಟಿ ಪದರ ಒಡೆಯಬೇಡಿ. ಸಮತಟ್ಟಾಗಿ ತೆಗೆದು ಅಂಚನ್ನು ಇಳಿಜಾರು ಮಾಡಿಸಿ. ಗುಂಡಿ ಬೇಡ.

ಪರೀಕ್ಷೆ: ಊರಿನ ಚರಂಡಿ ಸೇರೋ ಕೆರೆಯಾದರೆ ಮಣ್ಣು ಪರೀಕ್ಷೆ ಮಾಡಿಸದೆ ಹೊಡೆಸಬೇಡಿ. ತಿಪಟೂರಿನ ಕೊನೇಹಳ್ಳಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

ತೋಟದಲ್ಲಿ: ಮರಳು ಮಿಶ್ರಿತ ಕೆಂಪು ಮಣ್ಣಿಗೆ ಗೋಡು ಒಳ್ಳೇದು, ತೇವ ಹಿಡಿಯುತ್ತೆ. ಜೇಡಿ ನೆಲಕ್ಕೆ ಬೇಡ, ನೀರು ನಿಲ್ಲುತ್ತೆ. ಒಣಗಿಸಿ, ಹೆಂಟೆ ಒಡೆದು, ಮುಂಗಾರಿಗೆ ಮುಂಚೆ ತೆಳುವಾಗಿ ಹರಡಿ. ತೆಂಗಿನ ಬೇರು ಹೆಚ್ಚಾಗಿ ಬುಡದಿಂದ 2 ಮೀಟರ್ ಒಳಗೇ ಇರೋದರಿಂದ ಪಾತಿಯ ಆರಡಿಯೊಳಗೆ ಸಾಕು. ಕಾಂಡಕ್ಕೆ ಏರಿಸಬೇಡಿ. ಗೋಡೊಂದೇ ಗೊಬ್ಬರ ಅಲ್ಲ. ಮರಕ್ಕೆ ವರ್ಷಕ್ಕೆ 50 ಕೆಜಿ ಕೊಟ್ಟಿಗೆ ಗೊಬ್ಬರ ತಪ್ಪಿಸಬೇಡಿ.

ಹೋದ ಬೇಸಿಗೆ ನಾವು ಹನ್ನೆರಡು ಮನೆಯವರು ಸೇರಿ ಹೂಳು ತೆಗೆಸಿದೆವು. ಎಲ್ಲಿ ತೆಗೆಯಬೇಕು ಅಂತ ಗೆರೆ ಎಳೆದು ತೋರಿಸಿದ್ದು ಅದೇ ಅಜ್ಜ.